ಜರ್ಮನಿಗೆ ಹೊರಡಲಿರುವ ನಮ್ಮ ನಾಲ್ಕು ತಾಲ್ಲೂಕುಗಳ ನರ್ಸಿಂಗ್ ತಂಗಿಯರಿಗೆ, ತಮ್ಮಂದಿರಿಗೆ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಲ್ಲಿ ಜಿಎನ್‌ಎಂ, ಬಿಎಸ್ಸಿ ನರ್ಸಿಂಗ್ ಓದುತ್ತಿರುವ ತಂಗಿಯರೇ, ತಮ್ಮಂದಿರೇ,

ನಾನು ಮುಳಬಾಗಿಲು ತಾಲ್ಲೂಕಿನ ಹಳ್ಳಿಯವಳು. ಕೋಲಾರದಲ್ಲಿ ನರ್ಸಿಂಗ್ ಓದಿದೆ. ಅಲ್ಲೂ ಬೆಂಗಳೂರಲ್ಲೂ ಕೆಲವು ವರ್ಷ ಕೆಲಸ ಮಾಡಿ 2023ರ ಫೆಬ್ರವರಿಯಲ್ಲಿ ಜರ್ಮನಿಗೆ ಹೋದೆ. ಸ್ಟುಟ್‌ಗಾರ್ಟ್ ನಗರದ ಮಗ್ಗುಲಲ್ಲಿ, ನೆಕ್ಕರ್ ನದಿಯ ದಂಡೆಯ ಮೇಲೆ ಎಸ್ಲಿಂಗೆನ್ ಎಂಬ ಹಳೆಯ ಊರಿದೆ. ನನ್ನ ವಾಸ ಅಲ್ಲಿ. ಕೆಲಸ ಆ ಭಾಗದ ಒಂದು ಆಸ್ಪತ್ರೆಯಲ್ಲಿ, ವಯಸ್ಸಾದವರ ವಾರ್ಡಿನಲ್ಲಿ. ವರ್ಷ ಕಳೆದು ಈಗ ಮಾವಿನ ಕಾಲಕ್ಕೆ ರಜೆ ಹಾಕಿ ಊರಿಗೆ ಬಂದಿದ್ದೇನೆ. ಬಂದಾಗಿನಿಂದ ಮನೆಗೆ ಬಂದವರೆಲ್ಲ ಎರಡೇ ಮಾತು ಕೇಳುತ್ತಾರೆ: ತಿಂಗಳಿಗೆ ಎಷ್ಟಮ್ಮ ಸಿಗುತ್ತೆ? ನಮ್ಮ ಹುಡುಗೀನೂ ಕಳಿಸಬಹುದಾ? ಜಗುಲಿಯ ಮೇಲೆ ಕೂತು ಐದು ನಿಮಿಷದಲ್ಲಿ ಕೊಡುವ ಉತ್ತರ ಯಾರಿಗೂ ಸಾಲುವುದಿಲ್ಲ. ನಿಮಗೇ ನೇರವಾಗಿ, ಬಿಡಿಸಿ ಬರೆಯಬೇಕು ಅನ್ನಿಸಿತು.

ಸಂಬಳದ ಮಾತು ಮೊದಲು ಮುಗಿಸಿಬಿಡುತ್ತೇನೆ. ಏಜೆಂಟರು ಯೂರೋವನ್ನು ರೂಪಾಯಿಗೆ ಪರಿವರ್ತಿಸಿ ಒಂದು ದೊಡ್ಡ ಮೊತ್ತ ಹೇಳುತ್ತಾರೆ. ಆ ಮೊತ್ತ ಸುಳ್ಳಲ್ಲ, ಆದರೆ ಅದು ಕೈಗೆ ಬರುವ ಹಣವಲ್ಲ. ನಮ್ಮ ಸರ್ಟಿಫಿಕೇಟಿಗೆ ಅಲ್ಲಿನ ಸರ್ಕಾರ ಮಾನ್ಯತೆ ಕೊಡುವವರೆಗೆ ನೀವು ಅಲ್ಲಿ ನರ್ಸ್ ಅಲ್ಲ, ಸಹಾಯಕಿ. ಸಂಬಳವೂ ಸಹಾಯಕಿಯದೇ. ಅದರಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ತೆರಿಗೆ, ಆರೋಗ್ಯ ವಿಮೆ, ಪಿಂಚಣಿ, ನಿರುದ್ಯೋಗ ವಿಮೆ, ಮುಪ್ಪಿನ ಆರೈಕೆಯ ವಿಮೆ ಎಂದು ಮೊದಲೇ ಕಡಿತವಾಗುತ್ತದೆ. ಆಮೇಲೆ ಬಾಡಿಗೆ, ಚಳಿಗಾಲದ ಹೀಟಿಂಗ್ ಖರ್ಚು. ಮನೆಯಲ್ಲಿ ಟಿವಿ ಇರಲಿ ಬಿಡಲಿ, ರೇಡಿಯೊ-ಟಿವಿ ಶುಲ್ಕವೆಂದು ತಿಂಗಳಿಗೆ 18.36 ಯೂರೋ ಕಟ್ಟಲೇಬೇಕು. ನಾನಿದನ್ನು ದೂರಾಗಿ ಹೇಳುತ್ತಿಲ್ಲ. ಚಳಿಗಾಲದಲ್ಲಿ ಜ್ವರ ಬಂದು ಮಲಗಿದಾಗ ನನ್ನ ಸಂಬಳದಲ್ಲಿ ಒಂದು ಪೈಸೆ ಕಡಿಮೆಯಾಗಲಿಲ್ಲ. ಕಾಯಿಲೆ ಬಿದ್ದವರಿಗೆ ಆರು ವಾರದ ತನಕ ಉದ್ಯೋಗದಾತರು ಪೂರ್ತಿ ಸಂಬಳ ಕೊಡಬೇಕು ಅನ್ನುವುದು ಅಲ್ಲಿನ ಕಾನೂನು. ಕೋಲಾರದಲ್ಲಿ ನನ್ನ ಮೊದಲ ಸಂಬಳ ಹದಿನೈದು ಸಾವಿರ ದಾಟಿರಲಿಲ್ಲ, ರಜೆ ಹಾಕಿದ ದಿನದ ಕೂಲಿ ಅದರಲ್ಲೂ ಕಟ್ ಆಗುತ್ತಿತ್ತು. ಜೊತೆಗೆ ಓದಿದವರಲ್ಲಿ ಕೆಲವರು ನರ್ಸಿಂಗ್ ಬಿಟ್ಟು ನರಸಾಪುರದ ಕಂಪನಿ ಬಸ್ಸು ಹತ್ತಿದರು. ಅವರನ್ನು ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ. ಹಾಗಾಗಿ ಹೋಗಬೇಕೋ ಬೇಡವೋ ಅಂತ ಕೇಳಿದರೆ ನನ್ನ ಉತ್ತರ, ಹೋಗಿ. ಹೇಗೆ ಹೋಗಬೇಕು ಎಂಬುದಕ್ಕೇ ಇಷ್ಟುದ್ದದ ಕಾಗದ.

ಮೊದಲನೆಯದು ಭಾಷೆ. ಜರ್ಮನ್ ಕಲಿಕೆಯನ್ನು ಎ1, ಎ2, ಬಿ1, ಬಿ2 ಎಂದು ಹಂತ ಮಾಡಿದ್ದಾರೆ. ಬಿ1 ಮುಗಿಸಿದವರನ್ನೂ ಕರೆಸಿಕೊಳ್ಳುತ್ತಾರೆ, ಆದರೆ ನರ್ಸ್ ಎಂದು ನೋಂದಣಿಯಾಗಲು ಬಿ2 ಬೇಕು. ಬೆಂಗಳೂರಿನ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಪರೀಕ್ಷೆ ನಡೆಯುತ್ತದೆ. ಓದು, ಆಲಿಸು, ಬರೆ, ಮಾತಾಡು ಅಂತ ನಾಲ್ಕು ಭಾಗ, ಪ್ರತಿಯೊಂದರಲ್ಲೂ ನೂರಕ್ಕೆ ಅರವತ್ತು ಬರಬೇಕು. ಎಷ್ಟೋ ಏಜೆನ್ಸಿಗಳು "ಬಿ1 ಸಾಕು, ಉಳಿದಿದ್ದು ಅಲ್ಲಿ ಹೋಗಿ ಕಲಿಯಬಹುದು" ಅನ್ನುತ್ತವೆ. ಕಲಿಯಬಹುದು ನಿಜ. ಆದರೆ ಬೆಳಗ್ಗೆ ಆರಕ್ಕೆ ಶುರುವಾಗುವ ಡ್ಯೂಟಿ ಮುಗಿಸಿ, ಬೆನ್ನು ನೋಯುತ್ತಿರುವಾಗ, ನಾಲ್ಕೂವರೆಗೆಲ್ಲ ಕತ್ತಲಾಗುವ ಡಿಸೆಂಬರಿನಲ್ಲಿ, ಒಬ್ಬಳೇ ಕೂತು ವ್ಯಾಕರಣ ಓದುವುದು ಎಂಥ ಕಷ್ಟ ಎಂದು ಅವರು ಹೇಳುವುದಿಲ್ಲ. ನಾನು ಬಿ2 ಮುಗಿಸಿಯೇ ಹೊರಟವಳು. ನನ್ನ ಜೊತೆಗೇ ಬೇರೆ ರಾಜ್ಯದಿಂದ ಬಿ1 ಮಾಡಿಕೊಂಡು ಬಂದ ಹುಡುಗಿ ವಾರ್ಡಿನ ಫೋನ್ ರಿಂಗಾದರೆ ಬಾತ್‌ರೂಮಿಗೆ ಹೋಗಿಬಿಡುತ್ತಿದ್ದಳು. ಕೆಲಸದಲ್ಲಿ ಅವಳು ನನಗಿಂತ ಚುರುಕು. ಆದರೂ ಎಲ್ಲರ ನಡುವೆ ಅವಳು ದಡ್ಡಿಯ ಹಾಗೆ ಕಾಣುತ್ತಿದ್ದಳು, ಆ ಅವಮಾನವನ್ನು ದಿನಾ ನುಂಗುತ್ತಿದ್ದಳು. ಪರದೇಶದ ಒಂಟಿತನಕ್ಕೆ ಚಳಿ ಕಾರಣ, ಊಟ ಕಾರಣ ಅಂತ ಹೇಳುತ್ತಾರೆ. ನಾನು ಕಂಡ ಒಂಟಿತನದ ಮುಕ್ಕಾಲು ಪಾಲು ಭಾಷೆ ಬಾರದ್ದರಿಂದಲೇ ಬಂದದ್ದು.

ಭಾಷೆ ಎಂದರೆ ನಮ್ಮ ಜಿಲ್ಲೆಯವರು ಹೆದರಬೇಕಾಗಿಲ್ಲ. ನಮ್ಮಲ್ಲಿ ಎಷ್ಟೋ ಜನರಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕೆಜಿಎಫ್ ನೆಂಟರ ಹತ್ತಿರ ತಮಿಳು, ಸಂತೆಯಲ್ಲಿ ಉರ್ದು, ಕಾಲೇಜಿನಲ್ಲಿ ಇಂಗ್ಲಿಷ್. ಹತ್ತು ವರ್ಷದ ಮಗುವೇ ಎದುರಿಗೆ ನಿಂತವರ ಮುಖ ನೋಡಿ ಮಾತು ಬದಲಿಸುವ ಸೀಮೆ ನಮ್ಮದು. ಈ ಸಾಮರ್ಥ್ಯಕ್ಕೆ ನಮ್ಮಲ್ಲಿ ಯಾರೂ ಬೆಲೆ ಕಟ್ಟಿಲ್ಲ. "ಅಚ್ಚ ಕನ್ನಡ ಬರಲ್ಲ, ಅಚ್ಚ ತೆಲುಗೂ ಬರಲ್ಲ" ಅಂತ ಹೊರಗಿನವರು ನಮ್ಮನ್ನು ಆಡಿಕೊಂಡಿದ್ದೇ ಹೆಚ್ಚು. ಅದೇ ನಾಲಿಗೆ ಜರ್ಮನಿಯಲ್ಲಿ ನನ್ನನ್ನು ಕಾಪಾಡಿತು. ಕಲಿಯುವವರಿಗೆ ಒಂದು ಸಣ್ಣ ಕಿವಿಮಾತು: ಕ್ರಿಯಾಪದ ಕೊನೆಗೆ ಬರುವುದು ನಮಗೆ ರೂಢಿ, ಜರ್ಮನ್ ಉಪವಾಕ್ಯಗಳಲ್ಲೂ ಅದು ಕೊನೆಗೇ ಬರುತ್ತದೆ. ಆ ಪಾಠ ಬಂದಾಗ ಇಂಗ್ಲಿಷನ್ನು ಬದಿಗಿಟ್ಟು ಕನ್ನಡದಲ್ಲಿ ಯೋಚನೆ ಮಾಡಿ, ಸಲೀಸಾಗಿ ಹತ್ತುತ್ತದೆ.

ಇನ್ನೊಂದು ವಿಷಯ. ನಾನಿರುವ ಸೀಮೆಯಿಂದಲೇ ಒಂದು ಕಾಲದಲ್ಲಿ ಜನ ನಮ್ಮ ನಾಡಿಗೆ ಬಂದು ಕನ್ನಡ ಕಲಿತಿದ್ದರು. ಮಂಗಳೂರಿನಲ್ಲಿ 1843ರಲ್ಲಿ "ಮಂಗಳೂರ ಸಮಾಚಾರ" ಪತ್ರಿಕೆ ಶುರು ಮಾಡಿದ ಹರ್ಮನ್ ಮೋಗ್ಲಿಂಗ್ ತೀರಿಕೊಂಡದ್ದು 1881ರಲ್ಲಿ, ನಾನಿರುವ ಎಸ್ಲಿಂಗೆನ್‌ನಲ್ಲೇ. ಕನ್ನಡ-ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಹೊರತಂದ ಕಿಟ್ಟೆಲ್ ಕೊನೆಯ ದಿನಗಳನ್ನು ಕಳೆದದ್ದು ಅದೇ ನದಿಯ ದಂಡೆಯ ಟ್ಯೂಬಿಂಗೆನ್‌ನಲ್ಲಿ. ಅಲ್ಲಿನ ವಿಶ್ವವಿದ್ಯಾಲಯ ಅವರಿಗೆ 1896ರಲ್ಲಿ ಡಾಕ್ಟರೇಟ್ ಕೊಟ್ಟಿತು. 2023ರ ಮೇ ತಿಂಗಳಲ್ಲಿ ದೇಶವೆಲ್ಲ ಲೋಕಲ್ ರೈಲಲ್ಲಿ ಓಡಾಡಬಹುದಾದ ಟಿಕೆಟ್ ಬಂತು, ಆಗ ತಿಂಗಳಿಗೆ 49 ಯೂರೋ. ಅದರಲ್ಲಿ ನಾನು ಮೊದಲು ಹೋದದ್ದು ಟ್ಯೂಬಿಂಗೆನ್‌ಗೆ. ಇಪ್ಪತ್ತರ ಹರೆಯದಲ್ಲಿ ಹಡಗು ಹತ್ತಿ ಬಂದು, ಗುರುತು ಪರಿಚಯವಿಲ್ಲದ ಊರಿನಲ್ಲಿ ಕೂತು, ಪರರ ಮಾತನ್ನು ಅಷ್ಟು ಆಳವಾಗಿ ಕಲಿತ ಮನುಷ್ಯನ ಊರಲ್ಲಿ ಓಡಾಡಿದ ಮೇಲೆ ನನ್ನ ಪಾಡಿನ ಬಗ್ಗೆ ಇದ್ದ ಅಳು ಕಡಿಮೆಯಾಯಿತು. ಅಷ್ಟು ದೂರ ಯಾಕೆ, ನಮ್ಮ ಕೋಲಾರದಲ್ಲೇ ಇಟಿಸಿಎಂ ಆಸ್ಪತ್ರೆ ಇದೆಯಲ್ಲ, 1910ರಿಂದ. ಅದನ್ನು ಕಟ್ಟಿ ನಡೆಸಿದ ಮೆಥೋಡಿಸ್ಟ್ ಮಿಷನ್ನಿನ ಅಮೆರಿಕದ ಹೆಂಗಸರು ನಮ್ಮ ಅಜ್ಜಿಯರ ಬಾಣಂತನ ಮಾಡಿದವರು. ಅವರೂ ಮನೆ ಬಿಟ್ಟು ಬಂದ ಹೆಣ್ಣುಮಕ್ಕಳೇ. ದಾದಿಯರು ಸಮುದ್ರ ದಾಟುವುದು ಏಜೆಂಟರು ಹುಟ್ಟುಹಾಕಿದ ಪದ್ಧತಿಯಲ್ಲ.

ಇನ್ನು ಕೆಲಸ. ಇದನ್ನು ನಿಮಗೆ ಯಾರೂ ಸರಿಯಾಗಿ ಹೇಳಿರುವುದಿಲ್ಲ, ಹಾಗಾಗಿ ನಿಧಾನವಾಗಿ ಬರೆಯುತ್ತೇನೆ.

ನಮ್ಮ ಆಸ್ಪತ್ರೆಗಳಲ್ಲಿ ನರ್ಸ್ ಅಂದರೆ ಇಂಜೆಕ್ಷನ್, ಡ್ರಿಪ್, ಮಾತ್ರೆ, ಬಿಪಿ, ಚಾರ್ಟ್. ರೋಗಿಯ ಮೈ ಒರೆಸುವುದು, ಊಟ ಮಾಡಿಸುವುದು, ಬೆಡ್‌ಪ್ಯಾನ್ ಇಡುವುದು ಮನೆಯವರ ಪಾಲು, ಇಲ್ಲವಾದರೆ ಆಯಾಗಳ ಪಾಲು. ಜರ್ಮನಿಯಲ್ಲಿ ಇದೆಲ್ಲ ನರ್ಸಿನ ಕೆಲಸ, ಅದೂ ಮುಖ್ಯ ಕೆಲಸ. ನಮಗೆ ಕಣ್ಣು ಮುಚ್ಚಿ ಬರುವ ಕ್ಯಾನುಲಾ ಹಾಕುವ ಕೆಲಸವನ್ನು ನಮ್ಮ ವಾರ್ಡಿನಲ್ಲಿ ಡಾಕ್ಟರೇ ಮಾಡುತ್ತಾರೆ. ನಮ್ಮ ಕಡೆಯ ಎಷ್ಟೋ ಮಕ್ಕಳು ಮೊದಲ ತಿಂಗಳೇ "ಇಷ್ಟು ಓದಿ ಬಂದು ಇದನ್ನು ಮಾಡಬೇಕಾ" ಅಂತ ಅತ್ತಿದ್ದಾರೆ. ಮೈಮುಟ್ಟಿ ಮಾಡುವ ಕೆಲಸ ಕೀಳು ಅಂತ ನಮ್ಮ ತಲೆಯಲ್ಲಿ ಕೂತಿರುವುದಕ್ಕೆ ಕಾರಣ ಕಾಲೇಜಲ್ಲ, ಜಾತಿ. ಯಾರ ಮೈಯನ್ನು ಯಾರು ತೊಳೆಯಬೇಕು ಅನ್ನುವುದನ್ನು ನಮ್ಮಲ್ಲಿ ಹುಟ್ಟೇ ನಿರ್ಧರಿಸುತ್ತಾ ಬಂದಿದೆ. ಆ ಭಾರವನ್ನು ಇಲ್ಲೇ ಇಳಿಸಿ ವಿಮಾನ ಹತ್ತಿ.

ಅಲ್ಲಿ ಕಲಿತದ್ದರಲ್ಲಿ ನನ್ನನ್ನು ಬದಲಿಸಿದ ಸಂಗತಿ ಒಂದಿದೆ. ವಾರ್ಡಿನಲ್ಲಿ ಸೊಂಟದ ಮೂಳೆ ಮುರಿದು ಆಪರೇಷನ್ ಆದ ಎಂಬತ್ತು ದಾಟಿದ ಮುದುಕಿಯರು, ಪಾರ್ಶ್ವವಾಯು ಹೊಡೆದ ಮುದುಕರು ಇರುತ್ತಾರೆ. ಮೊದಲ ವಾರ ಅಂಥ ಒಬ್ಬರ ಮುಖ ತೊಳೆಯಲು ನಾನು ಬಟ್ಟೆ ಒದ್ದೆ ಮಾಡಿಕೊಂಡು ಹೋದಾಗ ಹಿರಿಯ ನರ್ಸ್ ನನ್ನ ಕೈ ಹಿಡಿದು ನಿಲ್ಲಿಸಿದರು. ಬಟ್ಟೆಯನ್ನು ಆ ಅಜ್ಜನ ಕೈಗೆ ಕೊಟ್ಟು ಕಾದರು. ಅಜ್ಜನಿಗೆ ಒಂದು ಕೈ ಮಾತ್ರ ಆಡುತ್ತಿತ್ತು. ನಾನಾದರೆ ಅರೆನಿಮಿಷದಲ್ಲಿ ಮುಗಿಸುತ್ತಿದ್ದ ಕೆಲಸಕ್ಕೆ ಅವರು ಹತ್ತು ನಿಮಿಷ ತೆಗೆದುಕೊಂಡರು. ಅವರಿಂದಾಗುವುದನ್ನು ಅವರೇ ಮಾಡಬೇಕು, ಆಗದ್ದನ್ನು ಮಾತ್ರ ನಾವು ಮಾಡಬೇಕು. ಅವಸರದಲ್ಲಿ ನಾವೇ ಮಾಡಿಕೊಟ್ಟ ಪ್ರತಿಯೊಂದು ಕೆಲಸವೂ ಅವರ ಕೈಯಿಂದ ಶಾಶ್ವತವಾಗಿ ಹೋಗುತ್ತದೆ. ಅಲ್ಲಿನ ಆರೈಕೆಯ ತಳಹದಿ ಇದು. ಮುಟ್ಟುವ ಮೊದಲು ಕೇಳುತ್ತಾರೆ, ಏನು ಮಾಡಲಿದ್ದೇವೆಂದು ಹೇಳುತ್ತಾರೆ, ಮೈ ಒರೆಸುವಾಗ ಉಳಿದ ಭಾಗ ಮುಚ್ಚಿರುತ್ತಾರೆ. ಪ್ರಜ್ಞೆ ಇಲ್ಲದವರ ಜೊತೆಗೂ ಮಾತಾಡುತ್ತಲೇ ಕೆಲಸ ಮಾಡುತ್ತಾರೆ. ಇದೆಲ್ಲ ನಮ್ಮ ಪಠ್ಯದಲ್ಲೂ ಇದೆ, ಪರೀಕ್ಷೆಯಲ್ಲಿ ನಾನೂ ಬರೆದಿದ್ದೇನೆ. ಅರವತ್ತು ಹಾಸಿಗೆಗೆ ಇಬ್ಬರೇ ನರ್ಸ್ ಇರುವ ಕಡೆ ಅದು ಪುಸ್ತಕದಲ್ಲೇ ಉಳಿಯುತ್ತದೆ.

"ಆ ದೇಶದವರು ಅಪ್ಪ ಅಮ್ಮನನ್ನು ಆಸ್ಪತ್ರೆಗೆ ಎಸೆದು ಹೋಗುತ್ತಾರಂತೆ" ಅಂತ ಊರಲ್ಲಿ ಕೇಳುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಕೆಲಸ ಮುಗಿಸಿ ದಿನಾ ಸಂಜೆ ಬಂದು ತಾಯಿಯ ಉಗುರು ಕತ್ತರಿಸಿ, ತಲೆ ಬಾಚಿ ಹೋಗುವ ಮಗಳನ್ನು ನೋಡಿದ್ದೇನೆ. ಯಾರೂ ಬಾರದ ರೋಗಿಗಳನ್ನೂ ನೋಡಿದ್ದೇನೆ. ಮುಪ್ಪಿನ ಆರೈಕೆಗೆ 1995ರಲ್ಲೇ ವಿಮೆ ತಂದು, ಸಂಬಳ ಪಡೆಯುವವರೆಲ್ಲ ಅದಕ್ಕೆ ಕಟ್ಟುವಂತೆ ಮಾಡಿದ ದೇಶ ಅದು. ನಮ್ಮ ಹಳ್ಳಿಗಳ ಪಾಡು ನೋಡಿ. ಮಕ್ಕಳು ಬೆಂಗಳೂರಿನ ವೈಟ್‌ಫೀಲ್ಡಲ್ಲಿ, ಹೊಸೂರಿನಲ್ಲಿ. ಮನೆಯಲ್ಲಿ ಮುದುಕ ಮುದುಕಿ, ಎರಡು ಸೀಮೆ ಹಸು, ಡೈರಿಗೆ ಹಾಲು. ಅವರಲ್ಲಿ ಒಬ್ಬರು ಬಿದ್ದರೆ ಕೇಳುವವರಿಲ್ಲ.

ಜನರ ಮಾತು ಬಂದಾಗ ಒಬ್ಬರನ್ನು ನೆನೆಯಲೇಬೇಕು. ನಮ್ಮ ವಾರ್ಡಿನಲ್ಲಿ ಕೆಲವು ವಾರ ಇದ್ದ ಅಜ್ಜಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಹಂಗೆರಿ, ಚೆಕೊಸ್ಲೊವಾಕಿಯಾದಂಥ ದೇಶಗಳಿಂದ ಲಕ್ಷಾಂತರ ಜರ್ಮನ್ ಭಾಷಿಕರನ್ನು ಹೊರಹಾಕಿದರು. ಅವರಲ್ಲಿ ತುಂಬಾ ಜನ ಈ ಸ್ಟುಟ್‌ಗಾರ್ಟ್ ಸೀಮೆಗೆ ಬಂದು ಸೇರಿದರು. ಈ ಅಜ್ಜಿ ಹಾಗೆ ಬಂದ ಮಗು. ನಾನು ಎಲ್ಲಿಂದ ಬಂದೆ, ಅಲ್ಲಿ ಏನು ಬೆಳೆಯುತ್ತಾರೆ ಎಂದು ಕೇಳಿದರು. ಟೊಮೆಟೊ, ಮಾವು, ರಾಗಿ, ರೇಷ್ಮೆ ಎಂದೆ. ನದಿ ಯಾವುದು ಎಂದರು. ವರ್ಷವಿಡೀ ಹರಿಯುವ ನದಿಯೇ ಇಲ್ಲ, ಸಾವಿರ ಅಡಿಗೂ ಮೀರಿ ಬೋರ್ ಕೊರೆಸುತ್ತೇವೆ ಎಂದಾಗ ಅವರು ನಂಬಲಿಲ್ಲ. ಆಮೇಲೆ ತಮ್ಮ ಕತೆ ಹೇಳಿದರು. ಬಂದ ಹೊಸತರಲ್ಲಿ ಈ ಊರಿನವರು ತಮ್ಮ ಜರ್ಮನ್ ಮಾತಿನ ಧಾಟಿ ಕೇಳಿ ನಗುತ್ತಿದ್ದರಂತೆ. ಶಾಲೆಯಲ್ಲಿ ಬಾಯಿ ಬಿಡದೆ ಕೂತಿರುತ್ತಿದ್ದರಂತೆ. ತಪ್ಪು ಮಾತಾಡು, ಆದರೆ ಮಾತಾಡು ಎಂದರು. ಸ್ವಾಬಿಯನ್ ಎಂಬ ಆ ಸೀಮೆಯ ಆಡುಮಾತು ಯಾವ ಬಿ2 ಪುಸ್ತಕದಲ್ಲೂ ಇಲ್ಲ. ನನಗೆ ಅದನ್ನು ಕಲಿಸಿದ್ದು ಅಲ್ಲಿನ ಮುದುಕ ಮುದುಕಿಯರೇ, ಬೆಳಗಿನ ಮೈ ಒರೆಸುವ ಹೊತ್ತಿನಲ್ಲಿ.

ದಿನನಿತ್ಯದ ಬದುಕಿನ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಶ್ರೀಲಂಕಾ ತಮಿಳರ ಅಂಗಡಿಗಳಲ್ಲಿ ರಾಗಿ ಹಿಟ್ಟು ಸಿಗುತ್ತದೆ, ಮುದ್ದೆಗೆ ಬರವಿಲ್ಲ. ಮಾಮೂಲಿ ಅವರೆಕಾಳು ಸಿಗದು. ಬಾಡಿಗೆ ಮನೆಯ ಮೆಟ್ಟಿಲು, ಹೊರಗಿನ ದಾರಿಯನ್ನು ಪ್ರತಿ ಮನೆಯವರೂ ಸರದಿಯಲ್ಲಿ ಗುಡಿಸುವ ವಾರದ ಪದ್ಧತಿ ಆ ಸೀಮೆಯಲ್ಲಿದೆ, ಸರದಿ ಬಂದವರ ಬಾಗಿಲಿಗೆ ಫಲಕ ತೂಗುಹಾಕುತ್ತಾರೆ. ಬೆಳಗ್ಗೆ ಎದ್ದು ಬಾಗಿಲು ಸಾರಿಸಿ ಬೆಳೆದ ನನಗೆ ಅದು ಭಾರವಾಗಲಿಲ್ಲ, ಪಕ್ಕದ ಮನೆಯವರ ಪರಿಚಯವಾದದ್ದೂ ಪೊರಕೆ ಹಿಡಿದಾಗಲೇ.

ಮಾನ್ಯತೆ ಹೇಗೆ ಸಿಗುತ್ತದೆ ಎಂದೂ ತಿಳಿದಿರಿ. ನಾನಿರುವ ಭಾಗಕ್ಕೆ ಸ್ಟುಟ್‌ಗಾರ್ಟಿನಲ್ಲಿರುವ ಸರ್ಕಾರಿ ಕಚೇರಿ ನಿಮ್ಮ ಅಂಕಪಟ್ಟಿ, ಓದಿದ ವಿಷಯಗಳು, ಪ್ರಾಕ್ಟಿಕಲ್ ಗಂಟೆಗಳನ್ನೆಲ್ಲ ನೋಡಿ, ಅವರ ಪಠ್ಯಕ್ಕೆ ಹೋಲಿಸಿ, ಏನೇನು ಕೊರತೆ ಇದೆ ಎಂದು ಪತ್ರ ಕೊಡುತ್ತದೆ. ಆ ಕೊರತೆ ತುಂಬಲು ಎರಡು ದಾರಿ: ಕೆಲವು ತಿಂಗಳ ತರಬೇತಿ, ಇಲ್ಲವೇ ಪರೀಕ್ಷೆ. ನಾನು ಪರೀಕ್ಷೆ ತೆಗೆದುಕೊಂಡೆ. ಅದರಲ್ಲಿ ಮೌಖಿಕ ಭಾಗ ಇದೆ, ರೋಗಿಯ ಪಕ್ಕ ನಿಂತು ಮಾಡಿ ತೋರಿಸುವುದೂ ಇದೆ. ಆದ್ದರಿಂದ ಕಾಲೇಜು ಬಿಡುವ ಮೊದಲೇ ಟ್ರಾನ್ಸ್‌ಕ್ರಿಪ್ಟ್, ಸಿಲಬಸ್, ಗಂಟೆಗಳ ಲೆಕ್ಕ ಎಲ್ಲವನ್ನೂ ಸೀಲು ಸಹಿ ಸಮೇತ ತೆಗೆದಿಟ್ಟುಕೊಳ್ಳಿ. ಆಮೇಲೆ ಅದಕ್ಕಾಗಿ ಅಲೆಯುವುದು ದೊಡ್ಡ ಯಾತನೆ.

ಈಗ ಹಣದ ವಿಷಯಕ್ಕೆ ಬರುತ್ತೇನೆ, ನನ್ನ ಮನಸ್ಸು ಹೆಚ್ಚು ನೋಯುವುದು ಇಲ್ಲೇ. ನಮ್ಮ ತಾಲ್ಲೂಕಿನಲ್ಲೇ ಮಗಳನ್ನು ಕಳಿಸಲು ಲಕ್ಷಗಟ್ಟಲೆ ಕೊಟ್ಟು ಕೂತ ಮನೆಗಳಿವೆ. ಮುಂದಿನ ಟೊಮೆಟೊ ಬೆಳೆ ನಂಬಿ ಬಡ್ಡಿಗೆ ತಂದವರಿದ್ದಾರೆ. 2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ ಹದಿನೈದು ಕೆಜಿ ಬಾಕ್ಸು ಎರಡು ಸಾವಿರ ದಾಟಿತು, ಸೆಪ್ಟೆಂಬರ್ ಹೊತ್ತಿಗೆ ನೆಲಕಚ್ಚಿತು. ಶ್ರೀನಿವಾಸಪುರದ ಮಾವಿನ ಫಸಲೂ ಬಿಸಿಲಿಗೆ ಸಿಕ್ಕಿ ಕುಸಿಯುವುದುಂಟು. ಇಂಥ ಆದಾಯ ನಂಬಿ ಏಜೆಂಟನಿಗೆ ಸಾಲ ತಂದು ಕೊಟ್ಟರೆ, ವಿದೇಶದಲ್ಲಿ ಮಗಳು ದುಡಿಯುವುದು ಬಡ್ಡಿಗಾಗಿ ಮಾತ್ರ.

ತಿಳಿದುಕೊಳ್ಳಿ. 1983ರ ವಲಸೆ ಕಾಯ್ದೆಯಡಿ ಹೊರದೇಶಕ್ಕೆ ಕೆಲಸಕ್ಕೆ ಕಳಿಸುವ ಪ್ರತಿ ಏಜೆಂಟೂ ಕೇಂದ್ರ ವಿದೇಶಾಂಗ ಇಲಾಖೆಯ ಲೈಸೆನ್ಸ್ ಹೊಂದಿರಬೇಕು. ಅವರು ಪಡೆಯಬಹುದಾದ ಸೇವಾಶುಲ್ಕ ಗರಿಷ್ಠ 30,000 ರೂಪಾಯಿ ಮತ್ತು ಜಿಎಸ್‌ಟಿ, ಅದಕ್ಕೂ ರಸೀದಿ ಕೊಡಬೇಕು. ಲೈಸೆನ್ಸ್ ಇದೆಯೋ ಇಲ್ಲವೋ ಎಂದು ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ನೀವೇ ನೋಡಬಹುದು. ಜರ್ಮನಿಯಲ್ಲಂತೂ ಖರ್ಚನ್ನು ನರ್ಸ್ ಅಲ್ಲ, ಕೆಲಸ ಕೊಡುವವರು ಭರಿಸಬೇಕು ಎಂಬ ನಿಯಮ ಒಪ್ಪಿದ ಏಜೆನ್ಸಿಗಳಿಗೆ ಸರ್ಕಾರದ ಗುಣಮುದ್ರೆ ಕೊಡುವ ವ್ಯವಸ್ಥೆ 2022ರಿಂದ ಇದೆ. ನಮ್ಮ ರಾಜ್ಯದ ಕೌಶಲ್ಯಾಭಿವೃದ್ಧಿ ಇಲಾಖೆಯಡಿ ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ವಲಸೆ ಕೇಂದ್ರ ಇದೆ. ಖಾಸಗಿ ಏಜೆಂಟರ ಬಾಗಿಲಿಗೆ ಹೋಗುವ ಮುಂಚೆ ಅಲ್ಲಿ ವಿಚಾರಿಸಿ. ಒಪ್ಪಂದದಲ್ಲಿ ಇಷ್ಟು ವರ್ಷದೊಳಗೆ ಕೆಲಸ ಬಿಟ್ಟರೆ ಇಷ್ಟು ಯೂರೋ ವಾಪಸ್ ಕಟ್ಟಬೇಕು ಎಂಬ ಸಾಲು ಇರಬಹುದು. ಅದನ್ನು ಹುಡುಕಿ ಓದಿ, ಜರ್ಮನ್ ಬಲ್ಲವರಿಂದ ಓದಿಸಿ ಕೇಳಿ, ಒಪ್ಪಿಗೆಯಾದರೆ ಮಾತ್ರ ಸಹಿ ಹಾಕಿ.

ಈ ರಜೆಯಲ್ಲಿ ನಮ್ಮ ಅಜ್ಜಿಯನ್ನು ನೋಡಿದೆ. ನಾನಿಲ್ಲದಾಗ ಬಿದ್ದು ಸೊಂಟಕ್ಕೆ ಆಪರೇಷನ್ ಆಗಿತ್ತು. ಮನೆಯವರು ಪ್ರೀತಿಯಿಂದ ಅವರನ್ನು ಮಂಚದಿಂದ ಇಳಿಸಿಯೇ ಇರಲಿಲ್ಲ. ತುತ್ತು ಕೂಡ ಬಾಯಿಗೇ ಕೊಡುತ್ತಿದ್ದರು. ನಾನು ತಟ್ಟೆಯನ್ನು ಅಜ್ಜಿಯ ಮುಂದೆ ಇಟ್ಟು ಕೂತೆ. ಅತ್ತೆ ನನ್ನ ಮೇಲೆ ರೇಗಿದರು, "ವಿದೇಶಕ್ಕೆ ಹೋಗಿ ಕಲ್ಲಾಗಿದ್ದೀಯ" ಎಂದರು. ವಾಕರ್ ತರಿಸಿ, ದಿನಾ ಸ್ವಲ್ಪ ಸ್ವಲ್ಪವಾಗಿ ನಿಲ್ಲಿಸಿ ನಡೆಸಿದೆವು. ಈಗ ಅಜ್ಜಿ ತಾವೇ ಮುದ್ದೆ ಮುರಿದು ಉಣ್ಣುತ್ತಾರೆ, ಬಚ್ಚಲಿಗೆ ವಾಕರ್ ಹಿಡಿದು ಹೋಗುತ್ತಾರೆ. ಅತ್ತೆಗೂ ಈಗ ನಾನು ಮಾಡಿದ್ದು ಏನೆಂದು ಅರ್ಥವಾಗಿದೆ. ಒಂದು ವರ್ಷದಲ್ಲಿ ನಾನು ಸಂಪಾದಿಸಿದ್ದರಲ್ಲಿ ಇದು ಯೂರೋಗಿಂತ ದೊಡ್ಡದು. ಹೋದವರು ಯಾರೇ ವಾಪಸ್ ಬಂದರೂ, ರಜೆಗೆ ಬಂದರೂ, ನಿಮ್ಮ ಬೀದಿಯ ಒಬ್ಬ ಮುದುಕಿಗಾದರೂ ಈ ವಿದ್ಯೆ ತಲುಪಲಿ.

ಕಾಲೇಜು ನಡೆಸುವವರಲ್ಲಿ ಒಂದು ವಿನಂತಿ. ಎರಡನೇ ವರ್ಷದಿಂದಲೇ ದಿನಕ್ಕೆ ಒಂದು ಗಂಟೆ ಜರ್ಮನ್ ಪಾಠ ಇಡಿ. ಹೋಗದವರಿಗೂ ಅದರಿಂದ ನಷ್ಟವಿಲ್ಲ. ಹಾಗೆಯೇ ಇಲ್ಲೇ ಉಳಿದು ದುಡಿಯುವ ನರ್ಸ್‌ಗಳಿಗೆ ಬದುಕಲು ಸಾಲುವಷ್ಟು ಸಂಬಳ ಕೊಡಿ ಎಂದು ಆಸ್ಪತ್ರೆ ನಡೆಸುವವರನ್ನು ಕೇಳಿಕೊಳ್ಳುತ್ತೇನೆ. ಎಲ್ಲರೂ ಹೋದರೆ ನಮ್ಮ ವಾರ್ಡುಗಳಲ್ಲಿ ಉಳಿಯುವವರು ಯಾರು?

ಕೊನೆಗೆ, ಈ ಕಾಗದ ನಿಮ್ಮ ಮನೆಯಲ್ಲಿ ಓದಿಸಿಕೊಂಡು ಕೇಳುತ್ತಿರುವ ಅಪ್ಪ ಅಮ್ಮಂದಿರಿಗೆ ಕೈಮುಗಿದು ಕೇಳುತ್ತೇನೆ. ಮಗಳು ನರ್ಸಿಂಗ್ ಮುಗಿಸಿದ ಕೂಡಲೇ ಅವಳ ಸಂಬಳಕ್ಕೆ ಕಾಯಬೇಡಿ, ಗಂಡು ಹುಡುಕಲೂ ಅವಸರ ಮಾಡಬೇಡಿ. ಭಾಷೆ ಕಲಿಯಲು ಅವಳಿಗೆ ಒಂದು ವರ್ಷ ಬಿಟ್ಟುಕೊಡಿ. ಬೆಂಗಳೂರಿನಲ್ಲಿ ಪಿಜಿ ಬಾಡಿಗೆ, ಕೋರ್ಸ್ ಶುಲ್ಕ, ಪರೀಕ್ಷೆ ಶುಲ್ಕ ಎಲ್ಲ ಸೇರಿದರೂ ಏಜೆಂಟ್ ಕೇಳುವ ಹಣಕ್ಕಿಂತ ಎಷ್ಟೋ ಕಡಿಮೆ. ಮಾವಿನ ತೋಪನ್ನು ಅಡವಿಡಬೇಡಿ.

ನಿಮ್ಮ ಅಕ್ಕ,
ಮುಳಬಾಗಿಲು ತಾಲ್ಲೂಕಿನಿಂದ